ಡಿಸೆಂಬರಿನ ಕೆಂಪು ಪಾನಕ

ಡಿಸೆಂಬರ್ ಬಂತೆಂದರೆ ಮುಂಬಯಿಯ ದೊಡ್ಡ ಅಂಗಡಿಗಳಲ್ಲಿ ಕೆಲವು ಕೆಂಪು ಪೊಟ್ಟಣಗಳು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬರುತ್ತವೆ. ಕ್ರ್ಯಾನ್‌ಬೆರಿ ಹಣ್ಣಿನವು. ಒಣಗಿಸಿ ಸಕ್ಕರೆ ಹಾಕಿದ್ದು ಒಂದು, ಡಬ್ಬಿಯಲ್ಲಿ ತುಂಬಿದ ರಸ ಇನ್ನೊಂದು, ದೊಡ್ಡ ಅಂಗಡಿಯಾದರೆ ಫ್ರೀಜರಿನಲ್ಲಿಟ್ಟ ಇಡೀ ಹಣ್ಣೂ ಉಂಟು. ಬಾಂದ್ರಾದಲ್ಲಿ, ಮಲಾಡಿನ ಓರ್ಲೆಮ್‌ನಲ್ಲಿ, ಬೊರಿವಲಿಯ ಐ.ಸಿ. ಕಾಲೊನಿಯಲ್ಲಿ ನಕ್ಷತ್ರದ ಗೂಡುದೀಪಗಳು ತೂಗಾಡುವ ಹೊತ್ತಿಗೆ, ಮೊಬೈಲಿನಲ್ಲಿ ಅಡುಗೆಯ ವಿಡಿಯೊ ನೋಡುವ ನಮ್ಮ ಮನೆಗಳ ಮಕ್ಕಳಿಗೂ ಸೊಸೆಯಂದಿರಿಗೂ ಈ ಹಣ್ಣಿನ ಪಾನೀಯವನ್ನು ಮನೆಯಲ್ಲೇ ಮಾಡಿಬಿಡೋಣ ಎಂಬ ಹುಮ್ಮಸ್ಸು ಬರುತ್ತದೆ. ಬರಲಿ, ತಪ್ಪೇನಿಲ್ಲ. ಹಬ್ಬ ಯಾರದಾದರೇನು, ಒಲೆಯ ಮೇಲೆ ಏನಾದರೊಂದು ಘಮಘಮಿಸುತ್ತಿದ್ದರೆ ಮನೆಗೇ ಒಂದು ಕಳೆ.

ಈ ಹಣ್ಣಿನ ತವರು ಉತ್ತರ ಅಮೆರಿಕದ ಜೌಗುನೆಲ. ಕೇಪ್ ಕಾಡ್ ಎಂಬ ಕಡಲಂಚಿನ ಪ್ರದೇಶದಲ್ಲಿ 1816ರ ಸುಮಾರಿಗೆ ಹೆನ್ರಿ ಹಾಲ್ ಎಂಬವರು, ಕಾಡುಬಳ್ಳಿಗಳ ಮೇಲೆ ಗಾಳಿಗೆ ಮರಳು ಬಂದು ಬಿದ್ದ ಕಡೆಯಲ್ಲೇ ಬಳ್ಳಿ ಹುಲುಸಾಗಿ ಹಬ್ಬುವುದನ್ನು ಗಮನಿಸಿದರಂತೆ. ಬೇಸಾಯ ಶುರುವಾದದ್ದು ಅಲ್ಲಿಂದ. ಈಗ ಎಲ್ಲಕ್ಕಿಂತ ಹೆಚ್ಚು ಬೆಳೆಯುವುದು ವಿಸ್ಕಾನ್ಸಿನ್ ರಾಜ್ಯದಲ್ಲಿ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರಗಳವರೆಗೆ ಕೊಯ್ಲು. ಅದರ ಕ್ರಮವೂ ಸ್ವಾರಸ್ಯದ್ದು: ಗದ್ದೆಗೆ ನೀರು ಕಟ್ಟಿ ಬಳ್ಳಿಯನ್ನು ಅಲುಗಾಡಿಸುತ್ತಾರೆ. ಹಣ್ಣಿನ ಒಳಗೆ ಗಾಳಿ ತುಂಬಿದ ನಾಲ್ಕು ಪುಟ್ಟ ಗೂಡುಗಳಿರುವುದರಿಂದ, ಕಳಚಿದ ಹಣ್ಣೆಲ್ಲ ತೇಲಿ ಬಂದು ಗದ್ದೆಗೆ ಗದ್ದೆಯೇ ಕೆಂಪಾಗುತ್ತದೆ. ನವೆಂಬರಿನ ನಾಲ್ಕನೆಯ ಗುರುವಾರ ಅಲ್ಲಿಯವರ ಥ್ಯಾಂಕ್ಸ್‌ಗಿವಿಂಗ್, ಅದರ ಬೆನ್ನಿಗೇ ಕ್ರಿಸ್ಮಸ್. ಹೊಸ ಹಣ್ಣು ಮನೆಗೆ ಬರುವುದಕ್ಕೂ ಹಬ್ಬ ಎದುರಾಗುವುದಕ್ಕೂ ಸರಿಹೋಯಿತು. ಯುಗಾದಿಯ ಹೊತ್ತಿಗೆ ಬೇವು ಹೂ ಬಿಡುವ ಹಾಗೆ, ಅವರಿಗೆ ಈ ಹಣ್ಣು ಹಬ್ಬದ ಹೊತ್ತಿಗೆ ಒದಗಿತು, ಅಷ್ಟೆ.

ನಮ್ಮಲ್ಲಿ ಮಾಡಬೇಕೆನ್ನುವವರಿಗೆ ಕ್ರಮ ಸುಲಭ. ಕಾಲು ಕಿಲೋ ಫ್ರೀಜರಿನ ಹಣ್ಣನ್ನು ಒಂದು ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿದರೆ ಸಿಪ್ಪೆ ಪಟಪಟನೆ ಒಡೆಯುತ್ತದೆ. ಜೊತೆಗೆ ಒಂದು ತುಂಡು ಚಕ್ಕೆ, ನಾಲ್ಕು ಲವಂಗ. ಸೋಸಿ, ಆರಿದ ಮೇಲೆ ಎರಡು ನಾಗಪುರದ ಕಿತ್ತಳೆಯ ರಸ ಹಿಂಡಿದರೆ ಆಯಿತು. ಹಣ್ಣು ಬಲು ಹುಳಿ, ಬರೀ ಬಾಯಲ್ಲಿ ತಿನ್ನುವಂಥದ್ದಲ್ಲ. ಸಿಹಿ ಬೇಕೇ ಬೇಕು. ಒಣಗಿಸಿದ್ದನ್ನು ನೆನೆಸಿ ಮಾಡಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ನನಗೆ ಅದು ರುಚಿಸುವುದಿಲ್ಲ, ಅದರಲ್ಲಿ ಹಣ್ಣಿಗಿಂತ ಸಕ್ಕರೆಯದ್ದೇ ಜೋರು. ಡಬ್ಬಿಯ ರಸ ಕೊಳ್ಳುವಾಗಲೂ ಹಿಂಬದಿಯ ಸಣ್ಣಕ್ಷರಗಳನ್ನು ಒಮ್ಮೆ ಓದುವುದು ಒಳ್ಳೆಯದು. ಮೂತ್ರನಾಳದ ಸೋಂಕು ಮರುಕಳಿಸುವ ಹೆಂಗಸರಿಗೆ ಈ ಹಣ್ಣು ಸ್ವಲ್ಪ ರಕ್ಷಣೆ ಕೊಡುತ್ತದೆ ಎಂಬುದಕ್ಕೆ ಅಧ್ಯಯನಗಳ ಆಧಾರವಿದೆ. ಆದರೆ ಬಂದ ಸೋಂಕಿಗೆ ಅದು ಔಷಧವಲ್ಲ. ರಕ್ತ ತೆಳುವಾಗಿಸಲು ವಾರ್ಫರಿನ್ ನುಂಗುವ ಹಿರಿಯರು ಮನೆಯಲ್ಲಿದ್ದರೆ ಡಾಕ್ಟರನ್ನು ಕೇಳಿಯೇ ಕೊಡಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೆ ತಿರುಗೋಣ. ಈ ಊರಿಗೆ ಡಿಸೆಂಬರಿನಲ್ಲಿ ತಾಜಾ ಬರುವ ಕೆಂಪು ಹಣ್ಣೆಂದರೆ ಮಹಾಬಳೇಶ್ವರದ ಸ್ಟ್ರಾಬೆರಿ. ಅದು ಸಿಹಿ ಪಾನೀಯಕ್ಕೆ ಚೆನ್ನ, ಹುಳಿಗೆ ಸಾಲದು. ಹುಳಿಯೂ ಕೆಂಪೂ ಒಟ್ಟಿಗೆ ಬೇಕೆಂದರೆ ಸಹ್ಯಾದ್ರಿಯ ಕಾಡಿನಲ್ಲಿ ನಮ್ಮವೇ ಎರಡು ಹಣ್ಣುಗಳಿವೆ: ಕರಂಡೆ ಮತ್ತು ಪುನರ್ಪುಳಿ. ಮಲೆನಾಡಿನ ಕಡೆಯವರು ಮೊದಲನೆಯದನ್ನು ಕವಳಿ ಹಣ್ಣು ಎಂದೂ ಎರಡನೆಯದನ್ನು ಮುರುಗಲ ಎಂದೂ ಹೇಳಿಯಾರು. ಮುಂಬಯಿಯ ಮಾರುಕಟ್ಟೆಯಲ್ಲಿ ಕೇಳುವಾಗ ಕರವಂದ, ಕೋಕಂ ಎಂದರೆ ಸಾಕು.

ಕರಂಡೆಯ ಕಾಲ ಬೇಸಿಗೆ. ಮೇ ತಿಂಗಳಲ್ಲಿ ಸ್ಟೇಶನಿನ ಹೊರಗೆ ಆದಿವಾಸಿ ಹೆಂಗಸರು ಬುಟ್ಟಿ ಮುಂದಿಟ್ಟು, ಎಲೆಯ ಪೊಟ್ಟಣದಲ್ಲಿ ಕಪ್ಪಗೆ ಮಾಗಿದ ಹಣ್ಣು ಮಾರುತ್ತಾರೆ. ಗುಡ್ಡದ ಕಪ್ಪು ಮೈನಾ ಎಂದು ಮರಾಠಿಯಲ್ಲಿ ಅದನ್ನು ಮುದ್ದು ಮಾಡಿ ಕರೆಯುತ್ತಾರೆ. ಮುಟ್ಟಿದರೆ ಕೈಗೆ ಅಂಟು ಹಾಲು, ಗಿಡದ ತುಂಬ ಮುಳ್ಳು. ಆ ಹಣ್ಣು ಕೊಯ್ಯುವ ಕಷ್ಟವನ್ನು ನೆನೆದರೆ ಅವರ ಹತ್ತಿರ ಚೌಕಾಶಿ ಮಾಡಲು ನಾಲಗೆ ಏಳಬಾರದು. ಈ ಕರಂಡೆಗೂ ಕ್ರಿಸ್ಮಸ್‌ಗೂ ಒಂದು ಗುಟ್ಟಿನ ನಂಟಿದೆ. ಕೇಕಿನ ಮೇಲೆ, ಒಳಗೆ, ಐಸ್‌ಕ್ರೀಮಿನ ನೆತ್ತಿಯ ಮೇಲೆ ಚೆರಿ ಎಂದು ನಾವು ತಿನ್ನುವ ಕೆಂಪು ಗುಂಡು ಬಹಳ ಸಲ ಚೆರಿಯೇ ಅಲ್ಲ. ಎಳೆ ಕರಂಡೆಯ ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಬೇಯಿಸಿ, ಬಣ್ಣ ಕೂಡಿಸಿದ್ದು. ಊರ ಹುಡುಗ ಹೆಸರು ಬದಲಿಸಿಕೊಂಡು ದೊಡ್ಡವರ ಪಂಕ್ತಿಯಲ್ಲಿ ಕುಳಿತು ಬರುತ್ತಿದ್ದಾನೆ, ವರ್ಷಗಳಿಂದ.

ಪಾನಕಕ್ಕೆ ಮಾತ್ರ ಪುನರ್ಪುಳಿಯೇ ಸೈ. ರತ್ನಾಗಿರಿ, ಸಿಂಧುದುರ್ಗ, ಗೋವಾ, ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಹೀಗೆ ಪಡುಗಡಲಿನ ಉದ್ದಕ್ಕೂ ಬೆಳೆಯುವ ಈ ಮರದ ಹಣ್ಣು ಏಪ್ರಿಲ್‌, ಮೇ ತಿಂಗಳಲ್ಲಿ ಮಾಗುತ್ತದೆ. ಆಮೇಲೆ ಮಳೆಯೊಡನೆ ಓಟದ ಪಂದ್ಯ. ಹಣ್ಣನ್ನು ಇಬ್ಭಾಗ ಮಾಡಿ, ತಿರುಳು ತೆಗೆದು, ಸಿಪ್ಪೆಯನ್ನು ಅದರದ್ದೇ ರಸದಲ್ಲಿ ಅದ್ದಿ ಬಿಸಿಲಿಗೆ ಹರಡುವುದು, ಮರುದಿನ ಮತ್ತೆ ಅದ್ದುವುದು, ಮತ್ತೆ ಹರಡುವುದು. ಕೆಲವರು ಉಪ್ಪು ಸೇರಿಸುತ್ತಾರೆ. ಕೊನೆಗೆ ಸಿಪ್ಪೆ ಕಪ್ಪಾಗಿ, ಮೆತ್ತಗೆ ಹೊಳೆಯುವಾಗ ಡಬ್ಬಿ ಸೇರುತ್ತದೆ. ಬೀಜವೂ ದಂಡವಲ್ಲ. ಅದನ್ನು ಕುಟ್ಟಿ ಕುದಿಸಿ ತೆಗೆದ ಗಟ್ಟಿ ಕೊಬ್ಬು ಒಡೆದ ಹಿಮ್ಮಡಿಗೂ ತುಟಿಗೂ ಮದ್ದು. ಜೂನ್ ಮೊದಲ ವಾರ ಮಳೆ ಹಿಡಿಯುವ ಮೊದಲು ಇಷ್ಟೂ ಮುಗಿಯಬೇಕು. ಒಂದು ಮಳೆ ಬೇಗ ಬಿದ್ದರೆ ಅಂಗಳದ ಸಿಪ್ಪೆ ಬೂಷ್ಟು.

ನಮ್ಮ ಕಡೆಯವರ ಮನೆಗಳಿಗೆ ಈ ಸಿಪ್ಪೆ ಬರುವ ದಾರಿ ನಿಮಗೆ ಗೊತ್ತಿರುವುದೇ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂದ ಮೇಲೆ, ಊರಿನಿಂದ ಕುರ್ಲಾ ಟರ್ಮಿನಸ್‌ಗೆ ಇಳಿಯುವ ಚೀಲಗಳಲ್ಲಿ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಉಪ್ಪಿನಕಾಯಿಯ ಮಗ್ಗುಲಲ್ಲಿ ಪುನರ್ಪುಳಿ ಸಿಪ್ಪೆಯ ಗಂಟೊಂದು ಇದ್ದೇ ಇರುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿ, ದಾರ ಬಿಗಿದು, ಪಕ್ಕದ ಸೀರೆಗೆ ಕಲೆ ತಾಗದ ಹಾಗೆ. ಊರಿನ ನಂಟು ಕಡಿಮೆಯಾದವರಿಗೆ ದಾದರಿನ ಕೋಕಣಿ ಸಾಮಾನಿನ ಅಂಗಡಿಗಳಿವೆ, ಮಾಟುಂಗಾದ ಮಾರುಕಟ್ಟೆಯಿದೆ.

ಬೇಸಿಗೆಯಲ್ಲಿ ತಾಜಾ ಹಣ್ಣು ಸಿಕ್ಕಿದವರು ಸಿಪ್ಪೆಯ ಬಟ್ಟಲಿಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಸಾಲಾಗಿ ಇಡುತ್ತಾರೆ. ಬಟ್ಟೆ ಕಟ್ಟಿ ಒಂದು ವಾರ ಬಿಸಿಲಿಗಿಟ್ಟರೆ ಸಕ್ಕರೆಯೇ ಹಣ್ಣಿನ ರಸವನ್ನು ಹೊರಗೆಳೆಯುತ್ತದೆ. ಒಲೆಯ ಕೆಲಸವೇ ಇಲ್ಲ. ಸೋಸಿದ ಆ ಪಾಕಕ್ಕೆ ಹುರಿದ ಜೀರಿಗೆಯ ಪುಡಿ, ಚಿಟಿಕೆ ಉಪ್ಪು. ಒಂದು ಪಾಲು ಪಾಕಕ್ಕೆ ನಾಲ್ಕೈದು ಪಾಲು ನೀರು. ಅಂಗಡಿಯಲ್ಲಿ ಅಮೃತ್ ಕೋಕಂ ಎಂಬ ಹೆಸರಿನಲ್ಲಿ ಮಾರುವುದು ಇದನ್ನೇ. ಕೊಠಡಿಗೊಂದು ಕಿಟಕಿ ಇರುವ ನಮ್ಮ ಮುಂಬಯಿ ಮನೆಗಳಲ್ಲಿ ಬಿಸಿಲು ಹುಡುಕುವುದೇ ಒಂದು ತಪಸ್ಸು. ಗ್ರಿಲ್ಲಿನ ಮೂಲೆಯಲ್ಲಿ ಹತ್ತರಿಂದ ಹನ್ನೊಂದರವರೆಗೆ, ಆಮೇಲೆ ಅಡುಗೆಮನೆಯ ಕಿಟಕಿಗೆ, ಹೀಗೆ ಭರಣಿಯನ್ನು ದಿನವಿಡೀ ಮೆರವಣಿಗೆ ಮಾಡಿಸುವ ಗೃಹಿಣಿಯರನ್ನು ನಾನು ಬಲ್ಲೆ. ಅಷ್ಟು ಪಾಡು ಪಟ್ಟವರ ಮನೆಯಲ್ಲಿ ಡಿಸೆಂಬರಿಗೂ ಒಂದು ಬಾಟಲಿ ಉಳಿದಿರುತ್ತದೆ.

ಅದಿಲ್ಲದವರಿಗೆ ಒಣಸಿಪ್ಪೆ ಸಾಕು. ಐವತ್ತು ಗ್ರಾಮಿನಷ್ಟು ಸಿಪ್ಪೆಯನ್ನು ತೊಳೆದು, ಅರ್ಧ ಲೀಟರ್ ಉಗುರು ಬೆಚ್ಚಗಿನ ನೀರಿನಲ್ಲಿ ಎರಡು ಮೂರು ಗಂಟೆ ನೆನೆಸಿ, ಕೈಯಲ್ಲೇ ಕಿವುಚಿ ಸೋಸಬೇಕು. ಮಿಕ್ಸಿಗೆ ಹಾಕಿದರೆ ಒಗರು ಬಿಡುತ್ತದೆ. ಮತ್ತೊಂದು ಲೀಟರ್ ನೀರು ಸೇರಿಸಿದರೆ ಎಂಟು ಮಂದಿಗೆ ಧಾರಾಳ. ಉಪ್ಪು ಹಾಕುವ ಮೊದಲು ಒಮ್ಮೆ ನಾಲಗೆಗೆ ತಾಗಿಸಿ ನೋಡಿ, ಸಿಪ್ಪೆಯಲ್ಲೇ ಉಪ್ಪು ಇರಬಹುದು. ಪಾತ್ರೆ ಸ್ಟೀಲಿನದೋ ಗಾಜಿನದೋ ಆಗಿರಲಿ. ಅಲ್ಯುಮಿನಿಯಂ, ಹಿತ್ತಾಳೆಗಳಿಗೆ ಈ ಹುಳಿ ಆಗಿಬರುವುದಿಲ್ಲ. ಕ್ರಿಸ್ಮಸ್ ರಾತ್ರಿಗೆ ಬೆಚ್ಚಗೆ ಬೇಕೆಂದರೆ ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರಿಗೆ ಚಕ್ಕೆ, ಲವಂಗ, ಒಣಶುಂಠಿ ಹಾಕಿ ಕುದಿಸಿ, ಆ ಕಷಾಯವನ್ನು ಸೋಸಿದ ರಸಕ್ಕೆ ಸುರಿಯಿರಿ. ರಸವನ್ನೇ ಗಂಟೆಗಟ್ಟಲೆ ಕುದಿಸಿದರೆ ಬಣ್ಣ ಮಂಕಾಗುತ್ತದೆ. ಮುಂಬಯಿಯ ಚಳಿಯೆಂದರೆ ಎಷ್ಟೆಂದು ಬಲ್ಲೆವು, ಫ್ಯಾನನ್ನು ಒಂದು ಅಂಕ ಇಳಿಸಿದರೆ ಮುಗಿಯಿತು. ಆದರೂ ಬೆಚ್ಚಗಿನ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಲ್ಲುವ ಆಸೆ ಎಲ್ಲರಿಗೂ ಇರುತ್ತದೆ.

ಹೊರಗಿನ ಕೆಂಪು ಬೇಡವೆಂದು ಇಷ್ಟೆಲ್ಲ ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಈ ಊರು ಪರದೇಶದ ರುಚಿಯನ್ನು ಒಗ್ಗಿಸಿಕೊಂಡಷ್ಟು ಸಲೀಸಾಗಿ ಇನ್ನಾವ ಊರೂ ಒಗ್ಗಿಸಿಕೊಂಡಿರಲಾರದು. 1889ರಲ್ಲಿ ದಿನ್ಶಾಜಿ ಪಂಡೋಲೆ ಎಂಬ ಪಾರ್ಸಿ ಮಹನೀಯರು ಇಲ್ಲಿ ಸೋಡಾ ಕಂಪನಿ ತೆರೆದು, ತಮ್ಮ ಕ್ರಿಕೆಟ್ ಪ್ರೀತಿಗೆ ತಕ್ಕಂತೆ ಇಂಗ್ಲೆಂಡಿನ ಚೆಂಡಿನ ಕಂಪನಿಯ ಹೆಸರನ್ನೇ ಎತ್ತಿಕೊಂಡು ಡ್ಯೂಕ್ಸ್ ಎಂದು ಕರೆದರು. ಅದರ ರಾಸ್ಪ್‌ಬೆರಿ ಸೋಡಾ ಇಲ್ಲದ ಇರಾನಿ ಹೋಟೆಲು, ಪಾರ್ಸಿ ಮದುವೆಯೂಟ ಒಂದು ಕಾಲದಲ್ಲಿ ಇರಲಿಲ್ಲ. ರಾಸ್ಪ್‌ಬೆರಿ ಗಿಡವನ್ನೇ ಕಾಣದವರ ನಾಲಗೆಗೂ ಆ ಕೆಂಪು ಹಬ್ಬದ ಗುರುತಾಗಿಬಿಟ್ಟಿತು. ನಾಳೆ ಕ್ರ್ಯಾನ್‌ಬೆರಿಯೂ ಹಾಗೇ ಆಗಬಹುದು. ಆದರೆ ಮನೆಯಲ್ಲಿ ಮಾಡಿದ ಪಾನೀಯಕ್ಕೆ ಅಂಗಡಿಯ ಬಾಟಲಿಗಿಲ್ಲದ ಒಂದು ಸ್ವಾತಂತ್ರ್ಯವಿದೆ: ಯಾರು ಬರುತ್ತಾರೆಂದು ತಿಳಿದುಕೊಂಡು ಅವರಿಗೆ ಒಪ್ಪುವ ಹಾಗೆ ಮಾಡಬಹುದು. ನನ್ನ ಮಟ್ಟಿಗೆ, ಮನೆಯಲ್ಲಿ ಇಷ್ಟು ಒದ್ದಾಡುವುದಕ್ಕೆ ಸಮರ್ಥನೆಯೂ ಅದೊಂದೇ.

ಒಂದು ಸೊಸೈಟಿಯ ಒಂದೆರಡು ಮಹಡಿಗಳನ್ನು ನೋಡಿ. ದೀಪಾವಳಿಗೆ ನಾವು ಕಳಿಸಿದ ಫರಾಳದ ತಟ್ಟೆಗೆ ಪ್ರತಿಯಾಗಿ ಕ್ರಿಸ್ಮಸ್ ಹೊತ್ತಿಗೆ ಮಂಗಳೂರಿನ ಕ್ರೈಸ್ತ ಕುಟುಂಬದಿಂದ ಕುಸ್ವಾರ್ ಬರುತ್ತದೆ: ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ. ಅವರಲ್ಲಿ ಕೆಲವರು ಅಕ್ಟೋಬರ್, ನವೆಂಬರಿನಲ್ಲೇ ಕಪ್ಪು ದ್ರಾಕ್ಷಿಯನ್ನು ವೈನಿಗೆಂದು ಭರಣಿಗೆ ಹಾಕುವುದು ಹಳೆಯ ರೂಢಿ. 1949ರ ಪಾನನಿರೋಧ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವಂತಿಲ್ಲ ಎಂಬುದು ಬೇರೆ ಮಾತು. ರೂಢಿಯೂ ಕಾಯ್ದೆಯೂ ಈ ಊರಿನಲ್ಲಿ ಒಂದೇ ಲೋಕಲಿನಲ್ಲಿ ಪಯಣಿಸುತ್ತವೆ. ಎದುರು ಬಾಗಿಲಿನವರು ಮುಸ್ಲಿಮರು, ಮದ್ಯದ ಸೋಂಕಿಲ್ಲದ್ದೇ ಬೇಕು. ಮೇಲಿನವರು ಜೈನರು. ಅವರಿಗೆ ಹಸಿಶುಂಠಿ ಆಗದು, ಒಣಶುಂಠಿಯಾದರೆ ಸರಿ. ಜೇನು ಆಗದು, ಬೆಲ್ಲ ಆಗುತ್ತದೆ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ಹಿರಿಯರು ಅವರಲ್ಲಿರುತ್ತಾರೆ. ಮೂಲೆಯ ಮನೆಯ ಅಜ್ಜನಿಗೆ ಸಕ್ಕರೆ ಕಾಯಿಲೆ, ಅವರ ಮಗನಿಗೆ ರಕ್ತದೊತ್ತಡ, ಮೊಮ್ಮಗಳಿಗೆ ಹುಳಿಯೆಂದರೆ ಮುಖ ಕಿವುಚುವ ವಯಸ್ಸು. ಅಂಗಡಿಯ ಯಾವ ಬಾಟಲಿಯಾದರೂ ಇವರಲ್ಲಿ ಯಾರಾದರೊಬ್ಬರಿಂದ ಬೇಡ ಎನ್ನಿಸಿಯೇ ತೀರುತ್ತದೆ.

ಕರೆದವರ ಮನೆಯಲ್ಲಿ ಬೇಡ ಎನ್ನುವುದು ಅತಿಥಿಗೆ ಸುಲಭವಲ್ಲ. ಕಾರಣ ಹೇಳಬೇಕು, ಕ್ಷಮೆ ಕೇಳುವ ದನಿ ತರಬೇಕು, ಎಲ್ಲರೂ ಲೋಟ ಎತ್ತುವಾಗ ಬರೀ ಕೈಯಲ್ಲಿ ನಗುತ್ತಾ ಕೂರಬೇಕು. ಅವರಿಗಾಗಿ ಬೇರೆಯೇ ಒಂದು ಲೋಟ ನೀರು ತಂದುಕೊಟ್ಟರೂ ಅವರು ಬೇರೆಯಾಗಿಯೇ ಉಳಿಯುತ್ತಾರೆ. ಆತಿಥ್ಯವೆಂದರೆ ಬಗೆಬಗೆಯ ಭಕ್ಷ್ಯ ಇಡುವುದೆಂದು ನಾವು ತಿಳಿಯುತ್ತೇವೆ. ಕೂಡಿದವರೆಲ್ಲ ಹಿಂಜರಿಯದೆ ಎತ್ತಿಕೊಳ್ಳಬಹುದಾದ ಒಂದೇ ಒಂದು ಪದಾರ್ಥವನ್ನು ಯೋಚಿಸಿ ಇಡುವುದು ಅದಕ್ಕಿಂತ ದೊಡ್ಡ ಕೆಲಸ, ಖರ್ಚು ಮಾತ್ರ ಕಡಿಮೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ತಿಳಿದಿತ್ತು ಎಂದೇ ನನಗೆ ಕಾಣುತ್ತದೆ. ಶ್ರೀರಾಮನವಮಿಯ ಪಾನಕವನ್ನು ನೆನೆಯಿರಿ. ಬೆಲ್ಲ, ನೀರು, ಏಲಕ್ಕಿ, ಕಾಳುಮೆಣಸು, ನಿಂಬೆ. ಯಾರ ಧರ್ಮಕ್ಕೂ ನಿಷಿದ್ಧವಾದದ್ದು ಅದರಲ್ಲಿ ಒಂದೂ ಇಲ್ಲ. ದೇವಸ್ಥಾನದ ಮುಂದೆ ಹಾದವರಿಗೆಲ್ಲ ಅದು ಸಿಗುತ್ತದೆ, ಕುಲ ಕೇಳುವವರಿಲ್ಲ. ಡೋಂಗ್ರಿ, ಭೇಂಡಿ ಬಜಾರಿನ ಕಡೆ ಮೊಹರಂ ದಿನಗಳಲ್ಲಿ ಸಬೀಲ್ ಇಟ್ಟು ದಾರಿಹೋಕರಿಗೆ ನೀರು, ಶರಬತ್ತು ಕೊಡುತ್ತಾರೆ. ಅಲ್ಲಿಯೂ ಅಷ್ಟೆ, ಬಾಯಾರಿಕೆಯೊಂದೇ ಅರ್ಹತೆ. ಇವೆಲ್ಲಕ್ಕಿಂತ ಜಾಣತನದ್ದು ನಮ್ಮ ಕರಾವಳಿಯ ಮನೆಗಳ ನೀರು-ಬೆಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು. ಎರಡನ್ನೂ ಕಲಸಿ ಕೊಡುತ್ತಿರಲಿಲ್ಲ. ಎಷ್ಟು ಸಿಹಿ ಬೇಕೆಂಬುದನ್ನು ಬಂದವರೇ ತೀರ್ಮಾನಿಸಲಿ ಎಂದು ಬಿಟ್ಟರು. ಮನೆಯವರ ಪ್ರೀತಿ ಅತಿಥಿಯ ಗಂಟಲಿಗೆ ಬಲವಂತವಾಗಿ ಇಳಿಯಬೇಕಾಗಿರಲಿಲ್ಲ.

ಇದನ್ನೇ ಡಿಸೆಂಬರಿನ ಪಾನಕಕ್ಕೂ ಹೊಂದಿಸಬಹುದು. ಸಿಹಿಯಿಲ್ಲದ, ಉಪ್ಪಿಲ್ಲದ ಕೆಂಪು ರಸವನ್ನು ದೊಡ್ಡ ಪಾತ್ರೆಯಲ್ಲಿ ಮೇಜಿನ ನಡುವೆ ಇಡಿ. ಅದು ಪುನರ್ಪುಳಿಯದಿರಲಿ, ಕ್ರ್ಯಾನ್‌ಬೆರಿಯದೇ ಇರಲಿ. ಪಕ್ಕದಲ್ಲಿ ಬೆಲ್ಲವನ್ನು ಕರಗಿಸಿ ಸೋಸಿದ ನೀರು ಒಂದು ಹೂಜಿಯಲ್ಲಿ, ಹುರಿದ ಜೀರಿಗೆಯ ಪುಡಿ ಒಂದು ಬಟ್ಟಲಿನಲ್ಲಿ, ಕಪ್ಪು ಉಪ್ಪು ಇನ್ನೊಂದರಲ್ಲಿ. ಸಕ್ಕರೆ ಕಾಯಿಲೆಯ ಅಜ್ಜ ಜೀರಿಗೆ ಹಾಕಿಕೊಂಡು ಕುಡಿಯಲಿ, ಮಗ ಉಪ್ಪಿನ ಬಟ್ಟಲನ್ನು ದೂರ ತಳ್ಳಲಿ, ಹುಡುಗಿ ಅರ್ಧ ಲೋಟ ಬೆಲ್ಲದ ನೀರನ್ನೇ ಸುರಿದುಕೊಳ್ಳಲಿ. ಯಾರಿಗೂ ತಮ್ಮ ಕಾಯಿಲೆಯನ್ನೋ ವ್ರತವನ್ನೋ ಸಭೆಯಲ್ಲಿ ಸಾರಬೇಕಾಗುವುದಿಲ್ಲ. ಹೊತ್ತನ್ನೂ ಸ್ವಲ್ಪ ಹಿಂದಕ್ಕೆ ತನ್ನಿ. ಡಿಸೆಂಬರ್ ಕೊನೆಯಲ್ಲಿ ಮುಂಬಯಿಯ ಸೂರ್ಯ ಆರು ಗಂಟೆ ದಾಟಿ ಕೆಲವೇ ನಿಮಿಷಕ್ಕೆ ಮುಳುಗುತ್ತಾನೆ. ಐದಕ್ಕೇ ಕರೆದರೆ ಮೇಲಿನ ಮನೆಯ ಜೈನ ಹಿರಿಯರೂ ಬಂದು ಒಂದು ಗುಟುಕು ಕುಡಿದು ಹೋಗುತ್ತಾರೆ. ಎಂಟು ಗಂಟೆಗೆ ಕರೆದು, ಅವರು ಬರಲೇ ಇಲ್ಲ ಎಂದು ನೊಂದುಕೊಳ್ಳುವುದು ನ್ಯಾಯವಲ್ಲ.

ಇನ್ನೊಂದು ಮಾತು ಹೇಳಬೇಕಿದೆ, ಹೇಳದೆ ಬಿಟ್ಟರೆ ಬರೆದದ್ದು ಅರ್ಧವಾಗುತ್ತದೆ. ಹಬ್ಬದ ದಿನವೂ ಪಾತ್ರೆ ತೊಳೆಯಲು ಬರುವ ಬಾಯಿ, ಗೇಟಿನಲ್ಲಿ ನಿಂತ ವಾಚ್‌ಮನ್, ಪಾರ್ಸೆಲ್ ಹಿಡಿದು ನಾಲ್ಕು ಮಹಡಿ ಹತ್ತಿ ಬರುವ ಹುಡುಗ, ಇವರಿಗೂ ನಾವು ಕೊಡುತ್ತೇವೆ. ಕೊಡುವುದಿಲ್ಲವೆಂದಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಅವರ ಲೋಟ ಬೇರೆ. ಅದು ಅಡುಗೆಮನೆಯ ಕಟ್ಟೆಯ ಕೆಳಗೋ ಕಿಟಕಿಯ ಮೂಲೆಗೋ ಮಗುಚಿಟ್ಟಿರುತ್ತದೆ. ಚೆನ್ನಾಗಿ ಓದಿಕೊಂಡವರ ಮನೆಯಲ್ಲೂ, ದೇಶ ಸುತ್ತಿ ಬಂದವರ ಮನೆಯಲ್ಲೂ ಇದನ್ನು ನೋಡಿದ್ದೇನೆ. ಕೇಳಿದರೆ ಅಭ್ಯಾಸ ಎನ್ನುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಆಗುವ ಪಾನಕವಿಟ್ಟು, ಒಬ್ಬರಿಗೆ ಮಾತ್ರ ಮಗುಚಿಟ್ಟ ಲೋಟ ಹುಡುಕಿದರೆ ಆ ಪಾನಕ ಎಲ್ಲರದ್ದು ಹೇಗಾದೀತು? ಅದೇ ಪಾತ್ರೆಯಿಂದ, ಅದೇ ಸಾಲಿನ ಲೋಟದಲ್ಲಿ, ಕುರ್ಚಿಯ ಮೇಲೆ ಕೂರಿಸಿ ಕೊಡಬೇಕು. ಮೊದಲ ಸಲ ಅವರಿಗೇ ಮುಜುಗರವಾದೀತು, ನಿಂತೇ ಕುಡಿಯುತ್ತೇನೆ ಎಂದಾರು. ಒತ್ತಾಯವೇನೂ ಬೇಡ. ಲೋಟ ಮಾತ್ರ ನಮ್ಮದೇ ಇರಲಿ.

ಕ್ರಿಸ್ಮಸ್‌ಗೆ ಇನ್ನೂ ದಿನಗಳಿವೆ. ದಾದರಿಗೋ ಮಾಟುಂಗಾಕ್ಕೋ ಹೋದಾಗ ಕಾಲು ಕಿಲೋ ಸಿಪ್ಪೆ ತನ್ನಿ. ಕಪ್ಪಾಗಿ ಮೆತ್ತಗಿರುವುದನ್ನು ಆರಿಸಿ, ಕಟಕಟ ಒಣಗಿದ್ದು ಹಳೆಯದು. ನೆರೆಮನೆಯವರಿಗೆ ಏನಾಗುತ್ತದೆ, ಏನಾಗುವುದಿಲ್ಲ ಎಂದು ಲಿಫ್ಟಿನಲ್ಲಿ ಸಿಕ್ಕಾಗಲೇ ಕೇಳಿಟ್ಟುಕೊಳ್ಳಿ. ಬರುವ ಮೇ ತಿಂಗಳಿನಲ್ಲಿ ಊರಿಗೆ ಹೋಗುವವರಿದ್ದರೆ ಅವರಿಗೂ ಈಗಲೇ ಒಂದು ಮಾತು ಹೇಳಿಬಿಡಿ: ಮಳೆ ಹಿಡಿಯುವ ಮೊದಲು ಸರಿಯಾಗಿ ಬಿಸಿಲು ಕಂಡ ಸಿಪ್ಪೆಯಾದರೆ ಮುಂದಿನ ಡಿಸೆಂಬರಿನವರೆಗೂ ಕೆಡುವುದಿಲ್ಲ.